ಹುಳಿ ಮತ್ತು ಕ್ಷಾರ: ಗೃಹಸ್ಥರು ತಿಳಿದಿರಬೇಕಾದ ರಸಾಯನ

ನಮ್ಮ ಮನೆಗಳಲ್ಲಿ ಶುಭಕಾರ್ಯವೆಂದರೆ ಕೆಂಪಾರತಿ ಇರಲೇಬೇಕು. ಹರಿವಾಣದಲ್ಲಿ ನೀರು ಹಾಕಿ, ಅರಿಸಿನವನ್ನು ಕದಡಿ, ಚಿಟಿಕೆ ಸುಣ್ಣವನ್ನು ಬೆರಸಿದೊಡನೆ ಹಳದಿಯ ನೀರು ರಕ್ತವರ್ಣಕ್ಕೆ ತಿರುಗುತ್ತದೆ. ಸಾಬರಮತಿ, ವಿಶ್ವಾಮಿತ್ರಿ, ತಾಪಿ ನದಿಗಳ ದಡಕ್ಕೆ ಬಂದು ನೆಲೆಸಿದ ಮೇಲೂ ನಮ್ಮ ಗೃಹಿಣಿಯರು ಈ ಪದ್ಧತಿಯನ್ನು ಬಿಟ್ಟಿಲ್ಲ. ಆದರೆ ಆರತಿಯಾದ ಮೇಲೆ ಆ ಕೆಂಪು ನೀರಿಗೆ ಅರ್ಧ ನಿಂಬೆಹಣ್ಣನ್ನು ಹಿಂಡಿ ನೋಡಿದವರು ವಿರಳ. ಹಿಂಡಿದರೆ ಕೆಂಪು ಮಾಯವಾಗಿ ಹಳದಿ ಮರಳಿ ಬರುತ್ತದೆ. ಮತ್ತೆ ಸುಣ್ಣ ಹಾಕಿದರೆ ಮತ್ತೆ ಕೆಂಪು. ಶಾಲೆಯ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವನ್ನು ನಮ್ಮ ಅಜ್ಜಿಯರ ಅರಿಸಿನ ತಲೆತಲಾಂತರದಿಂದ ಮಾಡುತ್ತಲೇ ಬಂದಿದೆ.

ಈ ಪುಟ್ಟ ಪ್ರಯೋಗದಲ್ಲಿ ರಸಾಯನಶಾಸ್ತ್ರದ ಎರಡು ದೊಡ್ಡ ಕುಲಗಳು ಎದುರುಬದುರಾಗಿ ನಿಂತಿವೆ. ನಿಂಬೆರಸ ಆಮ್ಲದ ಕುಲ. ಸುಣ್ಣ ಕ್ಷಾರದ ಕುಲ. ಇವೆರಡರಲ್ಲಿ ಯಾವುದು ಅಪಾಯಕಾರಿ ಎಂದು ಕೇಳಿದರೆ ಬಹುಮಂದಿ ತಡವಿಲ್ಲದೆ “ಆಸಿಡ್” ಎಂದು ಉತ್ತರಿಸುತ್ತಾರೆ. ಆ ಉತ್ತರ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಾತಿನ ಗೊಂದಲ

ಗುಜರಾತಿಗೆ ಹೊಸದಾಗಿ ಬಂದ ಕನ್ನಡಿಗನು ಭರೂಚಿನ ನಿಲ್ದಾಣದಲ್ಲಿ ‘ಖಾರಿ ಸಿಂಗ್’ ಕೊಂಡು, ಬಾಯಿ ಉರಿಯುವುದೆಂದು ನೀರಿನ ಲೋಟವನ್ನು ಹತ್ತಿರ ಇಟ್ಟುಕೊಂಡು ತಿನ್ನತೊಡಗುತ್ತಾನೆ. ತಿಂದರೆ ಬರೀ ಉಪ್ಪು! ನಮ್ಮಲ್ಲಿ ಖಾರವೆಂದರೆ ಮೆಣಸಿನಕಾಯಿಯ ಗುಣ. ಇಲ್ಲಿ ಅದಕ್ಕೆ ‘ತೀಖುಂ’ ಎನ್ನುತ್ತಾರೆ. ‘ಖಾರುಂ’ ಎಂದರೆ ಉಪ್ಪುಪ್ಪಾದದ್ದು, ಸವಳಾದದ್ದು. ಸಂಸ್ಕೃತದ ‘ಕ್ಷಾರ’ ಶಬ್ದವೇ ಗುಜರಾತಿಯಲ್ಲಿ ‘ಖಾರ’ವಾಗಿ ಉಳಿದಿದೆ. ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡ್ ಖಾರ, ಬಿಳಿಗಾರಕ್ಕೆ ಹೇಳುವ ಟಂಕಣಖಾರ, ಸಾಜಿಖಾರ ಇವೆಲ್ಲ ಕ್ಷಾರಗಳೇ. ಇನ್ನು ‘ಮೀಠುಂ’ ಎಂದರೆ ಸಿಹಿಯೂ ಹೌದು, ಉಪ್ಪೂ ಹೌದು. ಹೀಗಿರುವಲ್ಲಿ ಮಾತನ್ನು ನಂಬಿ ವಸ್ತುವಿನ ಗುಣವನ್ನು ನಿರ್ಧರಿಸುವುದು ಸಾಧ್ಯವಿಲ್ಲ, ಗುಣವನ್ನೇ ವಿಚಾರಿಸಬೇಕು.

ಆಮ್ಲವೆಂದರೇನು?

ಹುಣಸೆ, ನಿಂಬೆ, ಮೊಸರು, ವಿನಿಗರ್ ಇವುಗಳ ಹುಳಿಗೆ ಕಾರಣವಾದ ವಸ್ತುಗಳನ್ನು ಆಮ್ಲಗಳೆನ್ನುತ್ತೇವೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರೆಂಚ್ ವಿಜ್ಞಾನಿ ಲಾವಾಸಿಯೇ, ಎಲ್ಲ ಆಮ್ಲಗಳಲ್ಲೂ ಒಂದು ನಿರ್ದಿಷ್ಟ ವಾಯು ಇದೆಯೆಂದು ಭಾವಿಸಿ ಅದಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥದ ಗ್ರೀಕ್ ಹೆಸರನ್ನಿಟ್ಟನು. ಆ ಹೆಸರನ್ನೇ ನಾವು ‘ಆಮ್ಲಜನಕ’ ಎಂದು ಕನ್ನಡಿಸಿಕೊಂಡೆವು. ಆದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಲವಲೇಶವೂ ಇಲ್ಲವೆಂದು 1810ರ ವೇಳೆಗೆ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿಕೊಟ್ಟನು. ಆಮ್ಲತ್ವಕ್ಕೆ ಕಾರಣ ಜಲಜನಕ. ತಪ್ಪು ತಿದ್ದಲ್ಪಟ್ಟಿತು, ಹೆಸರು ಮಾತ್ರ ಉಳಿದುಕೊಂಡಿತು!

1884ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್ ಮಂಡಿಸಿದ ಅಯಾನುಗಳ ಸಿದ್ಧಾಂತ ಈ ವಿಚಾರಕ್ಕೆ ಸ್ಪಷ್ಟ ರೂಪ ಕೊಟ್ಟಿತು. ಅದಕ್ಕಾಗಿ 1903ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದರಂತೆ ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಜಲಜನಕದ ಕಣಗಳನ್ನು, ಅಂದರೆ ಜಲಜನಕದ ಅಯಾನುಗಳನ್ನು, ಬಿಟ್ಟುಕೊಡುವ ವಸ್ತು ಆಮ್ಲ. ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲಗಳು ಇವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬಿಟ್ಟುಕೊಡುವುದರಿಂದ ಪ್ರಬಲ ಆಮ್ಲಗಳು. ನಿಂಬೆಯ ಮತ್ತು ವಿನಿಗರಿನ ಆಮ್ಲಗಳು ಕೈಬಿಗಿ ಹಿಡಿದು ಸ್ವಲ್ಪವನ್ನಷ್ಟೇ ಕೊಡುವುದರಿಂದ ದುರ್ಬಲ ಆಮ್ಲಗಳು.

ಪ್ರತ್ಯಾಮ್ಲ ಮತ್ತು ಕ್ಷಾರ

ಆಮ್ಲದೊಡನೆ ಕೂಡಿ ಅದರ ಆಮ್ಲತ್ವವನ್ನು ಕಳೆಯುವ ವಸ್ತುವಿಗೆ ಪ್ರತ್ಯಾಮ್ಲವೆಂದು ಹೆಸರು. ಪ್ರತ್ಯಾಮ್ಲಗಳಲ್ಲಿ ಯಾವುವು ನೀರಿನಲ್ಲಿ ಕರಗುತ್ತವೆಯೋ ಅವು ಕ್ಷಾರಗಳು. ಆದ್ದರಿಂದ ಎಲ್ಲ ಕ್ಷಾರಗಳೂ ಪ್ರತ್ಯಾಮ್ಲಗಳೇ, ಆದರೆ ಎಲ್ಲ ಪ್ರತ್ಯಾಮ್ಲಗಳೂ ಕ್ಷಾರಗಳಲ್ಲ.

ಮನೆಯ ನಿದರ್ಶನವನ್ನೇ ಕೊಡಬಹುದು. ತಾಮ್ರದ ಬಿಂದಿಗೆಯ ಮೇಲೆ ಕಟ್ಟುವ ಕಪ್ಪು ಪೊರೆ ಬಹುಮಟ್ಟಿಗೆ ತಾಮ್ರದ ಆಕ್ಸೈಡು. ಅದು ಪ್ರತ್ಯಾಮ್ಲ, ಆದರೆ ನೀರಿನಲ್ಲಿ ಕರಗದು. ಎಷ್ಟು ತೊಳೆದರೂ ಹೋಗದು. ಹುಣಸೆಹಣ್ಣಿನಿಂದ ಉಜ್ಜಿದೊಡನೆ ಅದರ ಆಮ್ಲ ಪೊರೆಯನ್ನು ಕರಗಿಸಿ ಪಾತ್ರೆ ಥಳಥಳಿಸುತ್ತದೆ. ಹಾಗೆ ಕರಗಿದ ತಾಮ್ರ ಹೊಟ್ಟೆಗೆ ಹೋಗಬಾರದೆಂದೇ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಸಾರು, ಮಜ್ಜಿಗೆಗಳನ್ನು ಇಡಬಾರದೆಂದು ಹಿರಿಯರು ಕಟ್ಟುಮಾಡಿದರು.

ಕ್ಷಾರಗಳಿಗೆ ಬೇರೊಂದು ಲಕ್ಷಣವುಂಟು. ಬೆರಳಿಗೆ ಜಾರುಜಾರಾಗಿ ಸಾಬೂನಿನಂತೆ ತೋರುತ್ತವೆ. ಅದು ಬರೀ ಹೋಲಿಕೆಯಲ್ಲ. ಚರ್ಮದ ಜಿಡ್ಡಿನೊಡನೆ ಕೂಡಿ ಕ್ಷಾರವು ನಿಜವಾಗಿಯೂ ಸಾಬೂನನ್ನು ಮಾಡುತ್ತಿರುತ್ತದೆ! ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬರುತ್ತದೆ.

ಆಮ್ಲ ಮತ್ತು ಪ್ರತ್ಯಾಮ್ಲ ಸರಿಯಾದ ಪ್ರಮಾಣದಲ್ಲಿ ಕೂಡಿದರೆ ಎರಡೂ ತಮ್ಮ ಉಗ್ರತೆಯನ್ನು ಕಳೆದುಕೊಂಡು ಲವಣ ಮತ್ತು ನೀರು ಹುಟ್ಟುತ್ತವೆ. ಇದೇ ತಟಸ್ಥೀಕರಣ. ಹೈಡ್ರೋಕ್ಲೋರಿಕ್ ಆಮ್ಲವೂ ಕಾಸ್ಟಿಕ್ ಸೋಡಾವೂ ಬೇರೆಬೇರೆಯಾಗಿ ಮಾಂಸವನ್ನು ಸುಡಬಲ್ಲವು. ಅವೆರಡರ ಸಂತಾನವಾದರೋ ನಾವು ದಿನವೂ ಊಟದೆಲೆಯ ತುದಿಗೆ ಬಡಿಸಿಕೊಳ್ಳುವ ಉಪ್ಪು.

ಉಪ್ಪಿನ ನಾಡು

ಈ ಮಾತನ್ನು ಹೇಳಲು ಗುಜರಾತಿಗಿಂತ ತಕ್ಕ ಸ್ಥಳವಿಲ್ಲ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿನಷ್ಟು ಈ ಒಂದೇ ರಾಜ್ಯದಲ್ಲಿ ತಯಾರಾಗುತ್ತದೆ. 1930ರ ಮಾರ್ಚ್ 12ರಂದು ಸಾಬರಮತಿಯ ಆಶ್ರಮದಿಂದ ಹೊರಟ ಗಾಂಧೀಜಿ ಏಪ್ರಿಲ್ 6ರಂದು ಸೂರತ್ತಿನಾಚೆಯ ದಾಂಡಿಯಲ್ಲಿ ಉಪ್ಪನ್ನು ಎತ್ತಿದರು. ಆ ತಂಡದಲ್ಲಿ ನಮ್ಮ ಮೈಲಾರ ಮಹಾದೇವಪ್ಪನವರೂ ಇದ್ದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಇದೇ ಉಪ್ಪಿನಿಂದ ಕ್ಷಾರವನ್ನು ಮರಳಿ ಪಡೆಯುವ ಉದ್ಯಮವೂ ಇಲ್ಲಿ ಬೆಳೆಯಿತು. ಹಿಂದೆ ಬಡೋದೆ ಸಂಸ್ಥಾನಕ್ಕೆ ಸೇರಿದ್ದ ಓಖಾಮಂಡಲದ ಮಿಠಾಪುರದಲ್ಲಿ 1939ರಲ್ಲಿ ಸ್ಥಾಪಿತವಾದ ಟಾಟಾ ಕೆಮಿಕಲ್ಸ್ ಸಂಸ್ಥೆ ಉಪ್ಪು, ಸುಣ್ಣಕಲ್ಲು, ಅಮೋನಿಯಾಗಳ ನೆರವಿನಿಂದ ಸೋಡಾವನ್ನು ತಯಾರಿಸುತ್ತದೆ. ವಡೋದರಾದಲ್ಲಿ 1973ರಲ್ಲಿ ಸ್ಥಾಪಿತವಾದ ಗುಜರಾತ್ ಆಲ್ಕಲೀಸ್ ಅಂಡ್ ಕೆಮಿಕಲ್ಸ್ ಸಂಸ್ಥೆ ಉಪ್ಪಿನ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿ ಕಾಸ್ಟಿಕ್ ಸೋಡಾವನ್ನು ಪಡೆಯುತ್ತದೆ. ಜೊತೆಯಲ್ಲಿ ಕ್ಲೋರಿನ್ ಮತ್ತು ಜಲಜನಕಗಳೂ ದೊರೆಯುತ್ತವೆ, ಅವೆರಡನ್ನು ಕೂಡಿಸಿದರೆ ಹೈಡ್ರೋಕ್ಲೋರಿಕ್ ಆಮ್ಲ. ಹತ್ತಿಬಟ್ಟೆಗೆ ಹೊಳಪು ಕೊಡಲು ಕಾಸ್ಟಿಕ್ ಸೋಡಾ, ಬಣ್ಣ ಕಚ್ಚಿಸಲು ಒಗೆಯುವ ಸೋಡಾ, ಪಾಲಿಯೆಸ್ಟರಿಗೆ ಬಣ್ಣ ಹಾಕುವ ಹಂಡೆಯಲ್ಲಿ ಮೆಲುವಾದ ಆಮ್ಲ: ಅಹಮದಾಬಾದು ಸೂರತ್ತುಗಳ ಬಟ್ಟೆಯ ವೈಭವವೆಲ್ಲ ಈ ಎರಡು ಕುಲಗಳ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಅಳತೆಗೋಲು

ಆಮ್ಲ ಕ್ಷಾರಗಳ ತೀವ್ರತೆಯನ್ನು ಅಳೆಯಲು 1909ರಲ್ಲಿ ಕೋಪನ್‌ಹೇಗನ್ನಿನ ಸೋರೆನ್‌ಸೆನ್ ಎಂಬ ರಸಾಯನಜ್ಞನು ಪಿಎಚ್ ಎಂಬ ಮಾನವನ್ನು ಬಳಕೆಗೆ ತಂದನು. ಇದು ಸಾಮಾನ್ಯವಾಗಿ 0ಯಿಂದ 14ರವರೆಗಿನ ಅಳತೆ. ಶುದ್ಧ ನೀರು 7. ಅದರ ಕೆಳಗೆ ಆಮ್ಲ, ಮೇಲೆ ಕ್ಷಾರ. ಜಠರರಸ 1.5ರಿಂದ 3.5, ನಿಂಬೆರಸ 2ರಿಂದ 2.5, ಮೊಸರು 4.5ರ ಆಸುಪಾಸು, ಹಾಲು 6.6, ರಕ್ತ 7.35ರಿಂದ 7.45. ಅಡಿಗೆ ಸೋಡಾದ ನೀರು 8.3, ಒಗೆಯುವ ಸೋಡಾದ ನೀರು ಸುಮಾರು 11, ತಿಳಿಯಾದ ಸುಣ್ಣದ ನೀರು 12.4.

ಇಲ್ಲಿ ಒಂದು ಎಚ್ಚರ ಬೇಕು. ಈ ಏಣಿಯ ಒಂದೊಂದು ಮೆಟ್ಟಿಲಿಗೂ ತೀವ್ರತೆ ಹತ್ತು ಪಟ್ಟು ಬದಲಾಗುತ್ತದೆ. ಅಡಿಗೆ ಸೋಡಾಕ್ಕೂ ಸುಣ್ಣಕ್ಕೂ ಇರುವ ಅಂತರ ನಾಲ್ಕೇ ಮೆಟ್ಟಿಲಾದರೂ ಕ್ಷಾರತೆಯ ಅಂತರ ಹತ್ತು ಸಾವಿರ ಪಟ್ಟು! “ಅದೂ ಬಿಳಿ ಪುಡಿ, ಇದೂ ಬಿಳಿ ಪುಡಿ” ಎಂಬ ಉದಾಸೀನ ಎಷ್ಟು ಅನರ್ಥಕಾರಿಯೆಂಬುದು ಇದರಿಂದ ವೇದ್ಯವಾಗುತ್ತದೆ.

ಅಡಿಗೆಮನೆಯಲ್ಲಿ

ಸೂರತ್ತಿನ ಖಮಣ್ ಈಗ ನಮ್ಮ ಮನೆಗಳ ತಿಂಡಿಯೂ ಆಗಿದೆ. ಕಡಲೆಹಿಟ್ಟಿಗೆ ಇಲ್ಲಿ ‘ಲಿಂಬು ನಾ ಫೂಲ್’ ಎನ್ನುವ ನಿಂಬೆ ಉಪ್ಪನ್ನೂ ಅಡಿಗೆ ಸೋಡಾವನ್ನೂ ಹಾಕುತ್ತಾರೆ. ಹೆಸರು ಉಪ್ಪಾದರೂ ನಿಂಬೆ ಉಪ್ಪು ಸಿಟ್ರಿಕ್ ಆಮ್ಲವೇ. ಅದು ಸೋಡಾವನ್ನು ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ವಾಯು ಗುಳ್ಳೆಗುಳ್ಳೆಯಾಗಿ ಎದ್ದು ಹಿಟ್ಟನ್ನು ಉಬ್ಬಿಸುತ್ತದೆ. ಹುಳಿ ಸಾಲದೆ ಸೋಡಾ ಉಳಿದುಕೊಂಡರೆ ಬಿಸಿಗೆ ಅದು ಒಗೆಯುವ ಸೋಡಾವಾಗಿ ಮಾರ್ಪಟ್ಟು ತಿಂಡಿಗೆ ಸಾಬೂನಿನ ರುಚಿ ಬರುತ್ತದೆ. ಅರಿಸಿನ ಹಾಕಿದ್ದರೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಹರಿವಾಣದ ಕೆಂಪಾರತಿಯೇ ತಟ್ಟೆಯ ಖಮಣಿನಲ್ಲಿ ಪ್ರತ್ಯಕ್ಷವಾದಂತೆ! ಮುಂದಿನ ಬಾರಿ ಸೋಡಾ ಕಡಿಮೆ ಮಾಡಿ, ಚೆನ್ನಾಗಿ ಕದಡಿರೆಂಬುದೇ ಆ ಚುಕ್ಕೆಗಳ ಸೂಚನೆ.

ಆರೋಗ್ಯದ ದೃಷ್ಟಿಯಿಂದ ಎರಡು ಮಾತು. ಬೇಗ ಬೇಯಲೆಂದು ಬೇಳೆಕಾಳುಗಳಿಗೆ ಸೋಡಾ ಹಾಕುವ ಪದ್ಧತಿ ಒಳ್ಳೆಯದಲ್ಲ. ಕ್ಷಾರದಲ್ಲಿ ಬಿ-1 ಜೀವಸತ್ವ ಬಹುಬೇಗ ನಾಶವಾಗುತ್ತದೆ. ಎರಡನೆಯದಾಗಿ, ಒಂದು ಗ್ರಾಂ ಅಡಿಗೆ ಸೋಡಾದಲ್ಲಿ ಕಾಲು ಗ್ರಾಮಿಗೂ ಮಿಕ್ಕಿ ಸೋಡಿಯಂ ಇದೆ. ರಕ್ತದೊತ್ತಡವುಳ್ಳವರು ಉಪ್ಪನ್ನು ಬಿಟ್ಟು ಗಾಂಠಿಯಾ, ಫಾಫಡಾಗಳನ್ನು ಬಿಡದೆ ತಿಂದರೆ ಪಥ್ಯ ನಡೆದಂತಾಗುವುದಿಲ್ಲ.

ಜಠರದಲ್ಲಿ

ನಮ್ಮೊಳಗೇ ಒಂದು ಆಮ್ಲದ ಕಾರ್ಖಾನೆ ಇದೆ. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು 1824ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ ಪ್ರಕಟಿಸಿದನು. ಈ ಆಮ್ಲ ಶತ್ರುವಲ್ಲ. ಸಸಾರಜನಕವನ್ನು ಜೀರ್ಣಿಸಲು, ಆಹಾರದೊಡನೆ ಬಂದ ಕ್ರಿಮಿಗಳನ್ನು ಕೊಲ್ಲಲು ಅದು ಬೇಕು. ಅದು ಅನ್ನನಾಳಕ್ಕೆ ಮೇಲೇರಿದಾಗ ಎದೆಯುರಿ. ಆಗ ಸೋಡಾ ಕುಡಿದರೆ ತೇಗು ಬಂದು ಹಾಯೆನಿಸುವುದು ತಟಸ್ಥೀಕರಣದ ಫಲ. ಅಂಗಡಿಯ ಆಮ್ಲಶಾಮಕ ಗುಳಿಗೆಗಳಲ್ಲಿರುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಹೈಡ್ರಾಕ್ಸೈಡುಗಳೂ ಪ್ರತ್ಯಾಮ್ಲಗಳೇ. ಆದರೆ ಬೆಂಕಿಯನ್ನು ಆರಿಸದೆ ಹೊಗೆಯನ್ನಷ್ಟೇ ಬೀಸಿ ಓಡಿಸಿದರೆ ಏನು ಫಲ? ಜಠರದ ಹುಣ್ಣುಗಳಲ್ಲಿ ಅನೇಕಕ್ಕೆ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ ಕಾರಣವೆಂದು ತೋರಿಸಿದ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್ನರಿಗೆ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದ್ದರಿಂದ ವಾರಗಟ್ಟಲೆ ಎದೆಯುರಿ ಇರುವವರು ಸೋಡಾ ಸೀಸೆಯನ್ನಲ್ಲ, ವೈದ್ಯರನ್ನು ಆಶ್ರಯಿಸಬೇಕು.

ಈಚೆಗೆ “ಕ್ಷಾರೀಯ ಜಲ” ಕುಡಿದು ರಕ್ತವನ್ನು ಕ್ಷಾರಗೊಳಿಸುವ ಹುಚ್ಚು ಹಬ್ಬಿದೆ. ಶ್ವಾಸಕೋಶಗಳೂ ಮೂತ್ರಪಿಂಡಗಳೂ ರಕ್ತದ ಪಿಎಚ್ಚನ್ನು ಕೂದಲೆಳೆಯಷ್ಟೂ ಅಲುಗದಂತೆ ಕಾಯುತ್ತವೆ. ಕುಡಿದ ನೀರಿನ ಕ್ಷಾರವನ್ನು ಜಠರದ ಆಮ್ಲವೇ ಮೊದಲು ನುಂಗಿಹಾಕುತ್ತದೆ. ಹಣ ಹೋಗುವುದು ನಿಜ. ರಕ್ತ ಬದಲಾಗುವುದು ಸುಳ್ಳು.

ನಾವು ಅಂಜದ ಶತ್ರು

ಆಸಿಡ್ಡಿನ ಕ್ರೌರ್ಯವನ್ನು ಸಮಾಜ ಕಂಡಿದೆ. 2013ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗಡಿಗಳಲ್ಲಿ ಅದರ ಬಿಡಿ ಮಾರಾಟಕ್ಕೆ ಕಟ್ಟುನಿಟ್ಟಿನ ನಿರ್ಬಂಧಗಳನ್ನು ವಿಧಿಸಿತು. ಆದರೆ ಸುಣ್ಣವನ್ನು ಯಾರೂ ಶಂಕಿಸುವುದಿಲ್ಲ. ಎಲೆಯಡಿಕೆಯ ತಟ್ಟೆಯಲ್ಲಿ ಅದು ನಮ್ಮ ಅತಿಥಿ. ಗುಜರಾತಿನ ಮಾವಾ ತಿಕ್ಕುವವರ ಜೇಬಿನಲ್ಲಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವಾಗಿ ಸದಾ ಇರುತ್ತದೆ.

ಕೆಲವು ವರ್ಷಗಳ ಹಿಂದೆ ಅಹಮದಾಬಾದಿನ ನಮ್ಮ ಸೊಸೈಟಿಯಲ್ಲಿ ನಡೆದ ಸಂಗತಿ ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿದೆ. ನೆರೆಮನೆಯ ನಾಲ್ಕು ವರ್ಷದ ಮಗು ಅಜ್ಜನ ಸುಣ್ಣದ ಪೊಟ್ಟಣವನ್ನು ಆಟಿಕೆಯೆಂದು ಹಿಂಡಿತು. ಅದು ಒಡೆದು ಕಣ್ಣಿಗೆ ಚಿಮ್ಮಿತು. ಮನೆಯವರು ಕಣ್ಣಿಗೆ ತುಪ್ಪ ಹಚ್ಚಿ, ಬಟ್ಟೆ ಕಟ್ಟಿ, ರಿಕ್ಷಾ ಹುಡುಕಿ, ಆಸ್ಪತ್ರೆ ಸೇರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಆ ಕಣ್ಣಿನ ದೃಷ್ಟಿ ಪೂರ್ತಿಯಾಗಿ ಮರಳಲಿಲ್ಲ. ಅಡಿಗೆಮನೆಯ ನಲ್ಲಿ ಮಗುವಿದ್ದ ಸ್ಥಳದಿಂದ ಹತ್ತೇ ಹೆಜ್ಜೆಯ ದೂರದಲ್ಲಿತ್ತು. ಇದು ಒಂಟಿ ಪ್ರಸಂಗವಲ್ಲ. ದೇಶದ ನೇತ್ರವೈದ್ಯರು ಇಂಥ ಪ್ರಕರಣಗಳನ್ನು ಅನೇಕ ಬಾರಿ ವರದಿ ಮಾಡಿದ್ದಾರೆ.

ಕ್ಷಾರ ಹೀಗೇಕೆ ಮಾಡುತ್ತದೆ? ಆಮ್ಲ ತಗುಲಿದಾಗ ಮೇಲ್ಪದರದ ಸಸಾರಜನಕ ಹೆಪ್ಪುಗಟ್ಟಿ ಒಂದು ಬಗೆಯ ಪೊರೆಯಾಗುತ್ತದೆ. ಆ ಪೊರೆ ಆಮ್ಲ ಒಳಗಿಳಿಯುವುದನ್ನು ಸ್ವಲ್ಪಮಟ್ಟಿಗಾದರೂ ತಡೆಯುತ್ತದೆ. ಕ್ಷಾರವಾದರೋ ಜೀವಕೋಶಗಳ ಕೊಬ್ಬನ್ನೇ ಸಾಬೂನಾಗಿ ಕರಗಿಸಿ ದಾರಿ ಮಾಡಿಕೊಳ್ಳುತ್ತ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಹಿಂದೆ ನೆನಪಿಡಿರೆಂದ ಮಾತು ಇದೇ. ಅದರಲ್ಲೂ ಸುಣ್ಣದ ಕಣಗಳು ರೆಪ್ಪೆಯ ಅಡಿಯಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಕ್ಷಾರವನ್ನು ಒಸರುತ್ತವೆ. ಆದುದರಿಂದ ಕಣ್ಣಿನ ಮಟ್ಟಿಗೆ ಕ್ಷಾರವು ಆಮ್ಲಕ್ಕಿಂತ ಹೆಚ್ಚು ಘಾತಕ.

ನಿಂಬೆ ಹಿಂಡಬಹುದೇ?

ಇಷ್ಟು ಓದಿದ ಜಾಣ ವಾಚಕರು, “ಕ್ಷಾರಕ್ಕೆ ಹುಳಿ ಮದ್ದಲ್ಲವೇ? ಸುಣ್ಣ ಬಿದ್ದಲ್ಲಿಗೆ ನಿಂಬೆ ಹಿಂಡಿದರಾಯಿತು” ಎನ್ನಬಹುದು. ನಮ್ಮ ಪ್ರಾಚೀನರಿಗೂ ಈ ತತ್ತ್ವ ಗೊತ್ತಿತ್ತು. ಸುಶ್ರುತಸಂಹಿತೆಯಲ್ಲಿ ಗಿಡಗಳ ಬೂದಿಯಿಂದ ಮೃದು, ಮಧ್ಯಮ, ತೀಕ್ಷ್ಣ ಕ್ಷಾರಗಳನ್ನು ತಯಾರಿಸುವ ವಿಧಾನವಿದೆ. ಕ್ಷಾರಕರ್ಮದ ಅನಂತರ ಆಮ್ಲದ್ರವ್ಯದಿಂದ ಅದರ ಉಗ್ರತೆಯನ್ನು ಶಮನಗೊಳಿಸುವ ವಿಚಾರವೂ ಇದೆ. ಆದರೆ ಅದು ಪ್ರಮಾಣವನ್ನು ಬಲ್ಲ ವೈದ್ಯನ ಕೈಯ ಕೆಲಸ. ತಟಸ್ಥೀಕರಣದಲ್ಲಿ ಶಾಖ ಹುಟ್ಟುತ್ತದೆ. ಗಾಬರಿಯ ಹೊತ್ತಿನಲ್ಲಿ ಪ್ರಮಾಣ ಯಾರಿಗೂ ತಿಳಿಯದು. ಮೊದಲ ಗಾಯದ ಮೇಲೆ ಎರಡನೆಯ ಗಾಯವಾಗುತ್ತದೆ. ಆಮ್ಲ ಬಿದ್ದರೂ ಕ್ಷಾರ ಬಿದ್ದರೂ ಪ್ರಥಮೋಪಚಾರ ಒಂದೇ: ನೀರು, ಧಾರಾಳವಾದ ನೀರು, ಆ ಕ್ಷಣದಲ್ಲೇ ನೀರು.

ಬೆರಕೆಯ ಅಪಾಯ

ಎರಡು ವಸ್ತುಗಳು ಬೇರೆಬೇರೆಯಾಗಿದ್ದಾಗ ಇಲ್ಲದ ಅಪಾಯ ಕೂಡಿದಾಗ ಹುಟ್ಟಬಹುದು. ಇಲ್ಲಿಯ ಕೊಳವೆಬಾವಿಯ ಗಡಸು ನೀರು ಬಚ್ಚಲಿನಲ್ಲಿ, ಬಕೆಟ್ಟಿನಲ್ಲಿ ಬಿಳಿಯ ಕರೆ ಕಟ್ಟುತ್ತದೆ. ಅದನ್ನು ತೆಗೆಯಲೆಂದು ಆಸಿಡ್ ಸುರಿದು, ಇನ್ನೂ ಬೆಳ್ಳಗಾಗಲೆಂದು ಮೇಲೆ ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ. ಆಗ ಹೊರಡುವುದು ವಿಷವಾಯುವಾದ ಕ್ಲೋರಿನ್. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಸಂಚಕಾರ. ಬಕೆಟ್ಟಿನ ಕರೆಗೆ ನಿಂಬೆ ಉಪ್ಪಿನ ನೀರೇ ಸಾಕು, ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ನಡೆದರೆ ಏನಾಗುವುದೆಂಬುದಕ್ಕೆ ಸೂರತ್ತೇ ಸಾಕ್ಷಿ. 2022ರ ಜನವರಿ 6ರ ನಸುಕಿನಲ್ಲಿ ಸಚಿನ್ ಕೈಗಾರಿಕಾ ವಸಾಹತಿನಲ್ಲಿ ಟ್ಯಾಂಕರೊಂದರಿಂದ ರಾಸಾಯನಿಕವನ್ನು ಕದ್ದು ನಾಲೆಗೆ ಬಿಡಲಾಯಿತು. ಎದ್ದ ವಿಷವಾಯುವಿಗೆ ಸಮೀಪದ ಬಟ್ಟೆ ಗಿರಣಿಯ ಆರು ಮಂದಿ ಕಾರ್ಮಿಕರು ಬಲಿಯಾದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಗಂಧಕವುಳ್ಳ ಕ್ಷಾರೀಯ ತ್ಯಾಜ್ಯವೂ ಆಮ್ಲವೂ ಮೋರಿಯಲ್ಲಿ ಸಂಧಿಸಿದರೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆಂಬುದು ಕಾಲೇಜಿನ ವಿದ್ಯಾರ್ಥಿಗೂ ತಿಳಿದ ವಿಷಯ. ತಿಳಿದದ್ದನ್ನು ಪಾಲಿಸದಿದ್ದರೆ ತೆರಬೇಕಾದ ಬೆಲೆ ಅಂಥದು.

ನೆನಪಿನಲ್ಲಿಡಬೇಕಾದ ಸೂತ್ರಗಳು

1. ಕಣ್ಣಿಗೆ ಸುಣ್ಣ, ಸೋಡಾ, ಆಸಿಡ್ ಏನೇ ಬೀಳಲಿ, ಉಜ್ಜಬಾರದು. ರೆಪ್ಪೆಗಳನ್ನು ಬಿಡಿಸಿ ಹಿಡಿದು ಶುದ್ಧ ನೀರಿನ ಧಾರೆಯಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ಅನಂತರ ತಪ್ಪದೆ, ನೋವು ಇಳಿದಿದ್ದರೂ, ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು.

2. ತುಪ್ಪ, ಎಣ್ಣೆ, ಹಾಲು, ನಿಂಬೆರಸ ಯಾವುದನ್ನೂ ಹಾಕಬಾರದು.

3. ಚರ್ಮದ ಮೇಲೆ ಒಣ ಸುಣ್ಣ ಬಿದ್ದರೆ ಮೊದಲು ಕೊಡವಿ, ಬಳಿಕ ಧಾರಾಳವಾಗಿ ತೊಳೆಯಬೇಕು. ಒದ್ದೆಯಾದ ಬಟ್ಟೆಯನ್ನು ಕೂಡಲೆ ಕಳಚಬೇಕು.

4. ನುಂಗಿದ್ದರೆ ವಾಂತಿ ಮಾಡಿಸಬಾರದು. ಹೋದ ದಾರಿಯಲ್ಲೇ ಮರಳಿ ಬಂದು ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ಬಾಯಿ ಮುಕ್ಕಳಿಸಿ, ಸೀಸೆಯನ್ನು ಜೊತೆಗೆ ಒಯ್ದು ಆಸ್ಪತ್ರೆ ಸೇರಬೇಕು.

5. ಆಮ್ಲವನ್ನು ತೆಳುಗೊಳಿಸುವ ಸಂದರ್ಭ ಬಂದರೆ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ.

6. ಶೌಚಾಲಯ ತೊಳೆಯುವ ದ್ರವವನ್ನು ಬ್ಲೀಚಿಂಗ್ ಪುಡಿಯೊಡನೆ ಎಂದೂ ಬೆರಸಬಾರದು. ಯಾವುದನ್ನೂ ಶರಬತ್ತಿನ ಸೀಸೆಯಲ್ಲಿ ತುಂಬಿಡಬಾರದು.

7. ಸುಣ್ಣದ ಡಬ್ಬಿ, ಪೊಟ್ಟಣಗಳು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ.

ಆಮ್ಲವೂ ಕ್ಷಾರವೂ ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಸಾರಿಗೆ ರುಚಿ ಕೊಡುವುದು ಅದೇ, ಬಟ್ಟೆಗೆ ಬಣ್ಣ ಕೊಡುವುದು ಅದೇ, ಜಠರದಲ್ಲಿ ಅನ್ನವನ್ನು ಪಚನಗೊಳಿಸುವುದೂ ಅದೇ. ಎಷ್ಟು, ಎಲ್ಲಿ, ಯಾವುದರೊಡನೆ ಎಂಬ ವಿವೇಕವೊಂದೇ ನಮ್ಮ ರಕ್ಷಣೆ. ಮುಂದಿನ ಬಾರಿ ಮನೆಯಲ್ಲಿ ಆರತಿ ಎತ್ತುವಾಗ ಮಕ್ಕಳನ್ನು ಹತ್ತಿರ ಕರೆದು ಹಳದಿ ಕೆಂಪಾಗುವ ಸೊಗಸನ್ನು ತೋರಿಸಿರಿ; ನಿಂಬೆ ಹಿಂಡಿ ಮತ್ತೆ ಹಳದಿ ಮಾಡಿ ತೋರಿಸಿರಿ. ಬಳಿಕ ಸುಣ್ಣದ ಡಬ್ಬಿಯ ಮುಚ್ಚಳವನ್ನು ಭದ್ರವಾಗಿ ಹಾಕಿ ಮೇಲಿನ ಗೂಡಿನಲ್ಲಿಡಲು ಮರೆಯದಿರಿ.